ನೀರಿಗೆ ಬಿದ್ದರೆ ಔಟು

ಪರೇಲ್, ಮುಂಬಯಿ
೧೦-೩-೧೯೫೮

ಗೆಳೆಯ ಹೂವಪ್ಪ,

ಇವತ್ತು ನಲ್ಲಿಯಲ್ಲಿ ನೀರು ಬರಲಿಲ್ಲ. ಅದೂ ಸಾಲದು ಅಂತ ಬಲಗೈ ತೋರುಬೆರಳು ಬದನೆಕಾಯಿಯ ಹಾಗೆ ಊದಿಕೊಂಡಿದೆ, ಅಂಗಿಯ ಗುಂಡಿ ಹಾಕಲೂ ಆಗುತ್ತಿಲ್ಲ. ಅದಕ್ಕೇ ನಾನು ಹೇಳುತ್ತಿದ್ದೇನೆ, ನನ್ನ ಖೋಲಿಯಲ್ಲೇ ಇರುವ ಬಳ್ಳಿಗಾವಿಯ ಚಂದ್ರಶೇಖರಪ್ಪ ಬರೆಯುತ್ತಿದ್ದಾನೆ. "ನಿಧಾನಕ್ ಹೇಳಲೇ, ನನ್ ಕೈ ಏನ್ ನಿಮ್ ಮಿಲ್ಲಿನ ಮಗ್ಗ ಅಲ್ಲ" ಎಂದು ಆಗಲೇ ಎರಡು ಸಲ ಬೈದ. ಶಿವರಾತ್ರಿಗೇ ಹಾಕಬೇಕಿದ್ದ ಕಾಗದ, ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ನೀನೂ ನನ್ನ ಮೂರು ಕಾಗದಕ್ಕೆ ಉತ್ತರ ಬರೆದಿಲ್ಲ.

ಮೊದಲು ಮುಖ್ಯವಾದದ್ದು. ನಮ್ಮ ಮಿಲ್ಲಿನ ಕ್ರಿಕೆಟ್ ತಂಡಕ್ಕೆ ಇನ್ನೊಬ್ಬ ಬೌಲರ್ ಬೇಕು. ಇಪ್ಪತ್ಮೂರನೇ ತಾರೀಖು ಭಾನುವಾರ ಪರೀಕ್ಷೆ. ಆನವಟ್ಟಿಯಿಂದ ನಿನ್ನನ್ನೇ ಕರೆಸು ಎಂದು ಕ್ಯಾಪ್ಟನ್ ಹೇಳಿದ್ದಾರೆ. ಆಯ್ಕೆಯಾದರೆ ಮಿಲ್ಲಿನಲ್ಲೇ ಕೆಲಸ. ನೀನು ಬರಲೇಬೇಕು.

ನಿನ್ನೆ ಫೈನಲ್ ಗೆದ್ದೆವು. ಮೊದಲ ವರ್ಷ ನಾನು ನೀರು ಹೊತ್ತೆ. ಎರಡನೆಯ ವರ್ಷ ಬರೀ ಬೌಲಿಂಗ್, ಬ್ಯಾಟು ಹಿಡಿಯುವುದು ಎಲ್ಲರಿಗಿಂತ ಕೊನೆಗೆ. ಈ ವರ್ಷ ಐದನೆಯವನಾಗಿ ಕಳಿಸಿದರು. ನಿನ್ನೆ ಐದು ವಿಕೆಟ್ ತೆಗೆದೆ, ಒಂದು ಕ್ಯಾಚ್ ಹಿಡಿದೆ, ಆಗ ಪೆಟ್ಟಾದ ಬೆರಳೇ ಇದು. ಆಮೇಲೆ ಅದೇ ಬೆರಳಿಗೆ ಬಟ್ಟೆ ಸುತ್ತಿಕೊಂಡು ಅರವತ್ತೇಳು ಓಟ ಹೊಡೆದೆ.

ಒಂಬತ್ತು ವಿಕೆಟ್ ಬಿದ್ದಿತ್ತು, ಗೆಲ್ಲಲು ನಾಲ್ಕು ಓಟ. ಚೆಂಡು ಎದೆಮಟ್ಟಕ್ಕೆ ಬಂತು. ನಾನು ಯಾವತ್ತೂ ಎತ್ತಿ ಹೊಡೆದವನಲ್ಲ, ನಿನಗೆ ಗೊತ್ತು. ಅದೇನಾಯಿತೋ, ಬೀಸಿಬಿಟ್ಟೆ. ಚೆಂಡು ಗೆರೆ ದಾಟಿ ಜನರ ತಲೆಯ ಮೇಲೆ ಹೋಯಿತು. ನಾನು ತಲೆ ತಗ್ಗಿಸಿ, ಬ್ಯಾಟು ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ನಡೆದೆ. ಅಂಜನಾಪುರದ ಕೆರೆಯಂಚಿನಲ್ಲಿ ಹತ್ತು ವರ್ಷ ಆಡಿದವನಿಗೆ ಚೆಂಡು ನೀರಿಗೆ ಹೋದರೆ ಔಟು, ಈಜಿ ತರುವ ಕೆಲಸವೂ ಹೊಡೆದವನದೇ. ಷರಟಿನ ಗುಂಡಿಗೂ ಕೈ ಹಾಕಿದ್ದೆನಂತೆ. ಜನರ ನಡುವಿನಿಂದ ಚಂದ್ರಶೇಖರಪ್ಪ ಕೂಗಿದ: "ಎಲ್ಲಿಗ್ ಹೊಂಟ್ಯೋ ಮಾರಾಯ, ಇಲ್ಲಿ ಕೆರೆ ಇಲ್ಲ, ಗೆದ್ದೀವಿ ಕಣೋ." ಅಷ್ಟರಲ್ಲಿ ನನ್ನನ್ನು ಎತ್ತಿಕೊಂಡಿದ್ದರು. ಹೂವಪ್ಪ, ಹೆಗಲ ಮೇಲಿನಿಂದ ನೋಡಿದರೆ ಈ ಊರು ಬಹಳ ಚೆಂದ ಕಾಣುತ್ತದೆ. ಮುಂದಿನ ವರ್ಷ ನಾನೇ ಉಪನಾಯಕ ಎಂದು ಕ್ಯಾಪ್ಟನ್ ಅಲ್ಲೇ ಹೇಳಿದರು.

ನಿನ್ನ ತಾಯಿ ಗುತ್ಯಮ್ಮನವರಿಗೆ ನನ್ನ ನಮಸ್ಕಾರ. ಅವರು ಹರಸಿದರೆ ನಮ್ಮಿಬ್ಬರಿಗೂ ಒಳ್ಳೆಯದಾಗುತ್ತದೆ.

ನಿನ್ನ
ಹುಚ್ಚರಾಯ

ತಾ.ಕ.: ಇದನ್ನು ಎಡಗೈಯಲ್ಲಿ ನಾನೇ ಬರೆಯುತ್ತಿದ್ದೇನೆ. ಚಂದ್ರಶೇಖರಪ್ಪನ ಮುಂದೆ ಹೇಳಲು ಬಾಯಿ ಬರಲಿಲ್ಲ.

ಶಿವಮೊಗ್ಗದಲ್ಲಿ ಮಿಲ್ಲಿನವರು ನನ್ನನ್ನು ಆರಿಸಿದ ದಿನ, ನೆಲಕ್ಕೆ ಬಿದ್ದು ತಡೆದು ಬರುವ ಆ ಚೆಂಡನ್ನು ಯಾರು ಕಲಿಸಿದರು ಎಂದು ಕೇಳಿದರು. ಕಲಿಸಿದ ನೀನು ನನ್ನ ಹಿಂದೆಯೇ ಚೀಲ ಹಿಡಿದು ನಿಂತಿದ್ದೆ. ನಾನೇ ಕಲಿತದ್ದು ಎಂದುಬಿಟ್ಟೆ. ನೀನು ಕೇಳಿಸಿಕೊಂಡೆ. ಆದರೂ ಬಸ್ಸಿನಲ್ಲಿ ನೀನು ಎಂದಿನಂತೆ ಮಂಡಕ್ಕಿ ಹಂಚಿಕೊಟ್ಟೆ. ನಿನ್ನೆ ಕ್ಯಾಪ್ಟನ್ ಅದನ್ನೇ ಕೇಳಿದರು. ಎಲ್ಲರೆದುರು ನಿನ್ನ ಹೆಸರು ಹೇಳಿದೆ. ನಿನಗೆ ಕರೆ ಬಂದದ್ದು ಅದಕ್ಕೆ. ನನ್ನ ಮೇಲಿನ ಸಿಟ್ಟು ಇಟ್ಟುಕೊಂಡೇ ಬಾ. ಬರುವ ಸೋಮವಾರ, ಹದಿನೇಳಕ್ಕೆ, ಶಿಕಾರಿಪುರದ ಪೋಸ್ಟಾಫೀಸಿಗೆ ಟ್ರಂಕ್ ಕಾಲ್ ಹಾಕಿಸುತ್ತೇನೆ, ಸಂಜೆ ನಾಲ್ಕು ಗಂಟೆಗೆ, ಆನವಟ್ಟಿಯಿಂದ ಬಸ್ಸು ಹಿಡಿದು ಬಂದು ಅಲ್ಲಿರು.