ಓದಿದವಳ ತಲೆಯಿಂದ ತೆಗೆದ ಸಿನಿಮಾ

ಕೋಲಾರದ ಕೆಳಊರು
ಬಿಸಿಮಾಸದ ನಲವತ್ತನೆಯ ದಿನ, ಕ್ರಿ.ಶ. ೨೪೧೨

ಹಿಂದಿನ ಕಾಲದ ಓದುಗರಿಗೆ,

ತಾರೀಖು ನೋಡಿ ನಗಬೇಡಿ. ಬೇಸಿಗೆ ಹನ್ನೆರಡು ತಿಂಗಳಲ್ಲಿ ಹಿಡಿಸದೆ ಹೋದಾಗ ನಮ್ಮ ಹಿರಿಯರು ಬಿಸಿಮಾಸ ಎಂಬ ಹದಿಮೂರನೆಯದನ್ನು ಸೇರಿಸಿದರು. ಜನ ಹಳೆಯ ಚಿನ್ನದ ಗಣಿಯೊಳಕ್ಕೆ ಇಳಿದು ಊರು ಕಟ್ಟಿಕೊಂಡದ್ದೂ ಆಗಲೇ. ನನ್ನ ಕೆಲವು ಮಾತುಗಳು ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮನ್ನು ಬಿಟ್ಟು ಇದನ್ನು ಹೇಳಿಕೊಳ್ಳಲು ನನಗೆ ಯಾರೂ ಇಲ್ಲ.

ನಾನು ಸೊಣ್ಣಮ್ಮ, ಈ ವರ್ಷದ ಓದಾಳು. ಅಂದರೆ ಊರಿನ ಪರವಾಗಿ ಒಂದು ದೊಡ್ಡ ಪುಸ್ತಕ ಓದುವವಳು. ಓದಿ ಮುಗಿದ ಮೇಲೆ ನಮ್ಮ ತಲೆಯಲ್ಲಿ ಮೂಡಿದ್ದನ್ನೆಲ್ಲ ಯಂತ್ರವೊಂದು ಎಳೆದು ಪರದೆಗೆ ಹಾಕುತ್ತದೆ. ಅದಕ್ಕೆ ಮನಚಿತ್ರ ಎನ್ನುತ್ತೇವೆ. ಬೇರೆ ಸಿನಿಮಾ ನಮಗಿಲ್ಲ. ನನ್ನ ಪಾಲಿಗೆ ಬಂದದ್ದು ರಷ್ಯಾದ ಒಂದು ಹಳೆಯ ಕಾದಂಬರಿ, ತಲೆದಿಂಬಿನಷ್ಟು ದಪ್ಪ. ಅದರಲ್ಲಿ ಒಬ್ಬೊಬ್ಬರಿಗೂ ಮೂರು ಮೂರು ಹೆಸರು. ನೆನಪಿರಲೆಂದು ಎಲ್ಲರಿಗೂ ಊರಿನವರ ಮುಖ ಹಚ್ಚಿಕೊಂಡು ಓದಿದೆ. ನೀವೂ ಹಾಗೆಯೇ ಓದುತ್ತೀರಿ, ಸುಳ್ಳು ಹೇಳಬೇಡಿ.

ನಿನ್ನೆ ಮೊದಲ ಭಾಗ ತೋರಿಸಿದರು. ಹಿಮ ಕಂಡವರು ನಮ್ಮಲ್ಲಿ ಯಾರೂ ಇಲ್ಲ, ಹಾಗಾಗಿ ಪರದೆಯ ಮೇಲೆ ರಷ್ಯಾದ ಬೀದಿಗಳಿಗೆಲ್ಲ ಉಪ್ಪಿಟ್ಟಿನ ರವೆ ಸುರಿಯಿತು. ನೀರು ಹಂಚುವ ಚಿಕ್ಕತಾಯಮ್ಮ ರಾಜಕುಮಾರಿಯಾಗಿ ಬಂದಾಗ ಜನ ಬಿದ್ದು ಬಿದ್ದು ನಕ್ಕರು. ಜಮೀನ್ದಾರನಿಗೆ ನನ್ನ ಗಂಡ ಮುನಿನಂಜಪ್ಪನ ಮುಖವಿತ್ತು. ಮೃದು ಮಾತಿನ, ಹೆಂಡತಿಗೆ ಶಾಲು ಹೊದಿಸುವ ಮನುಷ್ಯ ಆ ಜಮೀನ್ದಾರ. ಪಕ್ಕದಲ್ಲಿದ್ದ ನನ್ನ ಗಂಡ ಉಬ್ಬಿಹೋಗಿ ನನ್ನನ್ನು ತಿವಿದ. "ನೋಡಿದ್ಯೇನೇ, ಈರೋ ನಾನೇ! ಆ ಎಂಡ್ರು ಯಾರೇ? ಬರೀ ಬೆನ್ನೇ ಕಾಣ್ತೈತೆ." ಓದುವಾಗ ಆ ಹೆಂಡತಿ ನಾನೇ ಆಗಿದ್ದೆ. ತನ್ನ ಮುಖ ತನಗೆ ಕಾಣುವುದಿಲ್ಲವಲ್ಲ.

ಎರಡನೆಯ ಭಾಗದ ಕಥೆ ಅವನಿಗೆ ಗೊತ್ತಿಲ್ಲ. ಅದರಲ್ಲಿ ಜಮೀನ್ದಾರ ಹೆಂಡತಿಯನ್ನು ಹಿಮದಲ್ಲಿ ಹೊರಗೆ ನಿಲ್ಲಿಸಿ ಬಾಗಿಲು ಹಾಕಿಕೊಳ್ಳುತ್ತಾನೆ. ಅವಳು ಬಾಗಿಲು ತಟ್ಟುವುದು ನಿಲ್ಲುವವರೆಗೂ ಒಳಗೆ ಕುಳಿತು ಚಹಾ ಕುಡಿಯುತ್ತಾನೆ.

ಮುನಿನಂಜಪ್ಪ ನಮ್ಮ ಮೇಲ್ಬಾಗಿಲಿನ ಕಾವಲುಗಾರ. ಹೊರಗೆ ನೆಲದ ಮೇಲೆ ಹೋಗಿ, ಊರಿಗೆ ಕರೆಂಟು ಕೊಡುವ ಸೂರ್ಯಹಲಗೆಗಳ ದೂಳು ಒರೆಸಿ ಬರುವವರಿಗೆ ಅವನೇ ಬಾಗಿಲು ತೆಗೆಯಬೇಕು. ತಡವಾದರೆ ಬಿಸಿಲಿಗೆ ಜೀವ ಹೋಗುತ್ತದೆ. ಅವನು ಎಂದೂ ನನ್ನ ಮೇಲೆ ಕೈಯೆತ್ತಿದವನಲ್ಲ. ಮದುವೆಯಾದ ಹೊಸದರಲ್ಲಿ ಒಮ್ಮೆ ಮಾತ್ರ, ಹಲಗೆ ಒರೆಸಿ ಬಂದ ನಾನು ಎಷ್ಟು ತಟ್ಟಿದರೂ ತೆಗೆಯಲಿಲ್ಲ. ಆಮೇಲೆ ತೆಗೆದು, "ತಮಾಷೆಗೆ ಕಣೇ" ಎಂದು ನಕ್ಕ. ನಾನೂ ನಕ್ಕೆ. ಮರೆತೇಬಿಟ್ಟಿದ್ದೇನೆ ಎಂದುಕೊಂಡಿದ್ದೆ. ಕಾದಂಬರಿಯ ಆ ಪುಟಕ್ಕೆ ಬಂದಾಗ ಜಮೀನ್ದಾರನಿಗೆ ಬೇರೆ ಮುಖ ಹಚ್ಚಲು ಎಷ್ಟು ಹೆಣಗಿದರೂ ಆಗಲಿಲ್ಲ. ನನಗೆ ನನ್ನ ಗಂಡನ ಭಯವಿದೆ ಎಂದು ನನಗೆ ತಿಳಿದದ್ದೇ ಆಗ.

ಎಳೆದ ಮನಚಿತ್ರವನ್ನು ಕತ್ತರಿಸುವಂತಿಲ್ಲ, ಅದು ಊರ ಕಟ್ಟಳೆ. ಇಡೀ ಊರಿನ ನಡುವೆ ಕುಳಿತು ಅವನು ತನ್ನನ್ನು ನೋಡಿಕೊಳ್ಳುತ್ತಾನೆ. ಬೈದರೆ ಬೈಸಿಕೊಂಡೇನು. ಮತ್ತೆ ನಕ್ಕುಬಿಟ್ಟರೆ?

ನೀವು ಬೇರೆಯವರು ತೆಗೆದ ಸಿನಿಮಾ ನೋಡಿ, ಕಾದಂಬರಿಯಲ್ಲಿದ್ದ ಹಾಗಿಲ್ಲ ಎಂದು ಗೊಣಗುತ್ತೀರಂತೆ. ಸಂತೋಷವಾಗಿ ಗೊಣಗಿ. ಯಾವ ಪಾತ್ರಕ್ಕೆ ಯಾರ ಮುಖ ಹಚ್ಚಿದಿರೆಂದು ಯಾರಿಗೂ ತಿಳಿಯುವುದಿಲ್ಲ. ಅದನ್ನು ಹೊರಗೆ ತೆಗೆಯುವ ಯಂತ್ರ ಮಾಡುತ್ತೇನೆಂದು ಯಾರಾದರೂ ಬಂದರೆ, ಕೈಮುಗಿಯುತ್ತೇನೆ, ಒಪ್ಪಬೇಡಿ.

ನಾಳೆ ಸಂಜೆ ಎರಡನೆಯ ಭಾಗ. ನಾಡಿದ್ದು ಹಲಗೆ ಒರೆಸುವ ಸರದಿ ನನ್ನದು. ಬಾಗಿಲಲ್ಲಿ ಅವನೇ ಇರುತ್ತಾನೆ.

ಸೊಣ್ಣಮ್ಮ