ಬಲಗೈ ಕಟ್ಟಿಕೊಂಡು ಕೂತ ದಿನ

ಮಂಗಳವಾರ, ಜೂನ್ ೧೦

ಪ್ರೀತಿಯ ಅಣ್ಣ,

ನಮಸ್ಕಾರ. ನಿನ್ನ ಕಾಗದ ಬಂದು ಎರಡು ತಿಂಗಳಾದರೂ ಉತ್ತರ ಬರೆಯದ ನನ್ನನ್ನು ಬೇಕಾದಷ್ಟು ಬೈದುಕೋ, ಓದುವುದನ್ನು ಮಾತ್ರ ಅರ್ಧಕ್ಕೆ ನಿಲ್ಲಿಸಬೇಡ. ಫೋನ್ ಮಾಡೋಣವೆಂದರೆ ನಂಬರ್ ಒತ್ತಿ, ರಿಂಗ್ ಆಗುವ ಮೊದಲೇ ಇಟ್ಟುಬಿಡುತ್ತೇನೆ. ಇದು ನಾಲ್ಕನೇ ಸಲ ಬರೆಯುತ್ತಿರುವ ಕಾಗದ. ಎರಡು ಸಾಲು ಬರೆಯುತ್ತೇನೆ, ಎದ್ದು ನೀರು ಕುಡಿಯುತ್ತೇನೆ, ಕಿಟಕಿ ಹಾಕುತ್ತೇನೆ, ಮತ್ತೆ ತೆಗೆಯುತ್ತೇನೆ. ಕುರ್ಚಿಯಲ್ಲಿ ಮುಳ್ಳಿದೆಯಾ ಎಂದು ಆಫೀಸಿನಲ್ಲಿ ಪಕ್ಕದ ಮೇಜಿನ ಟೈಪಿಸ್ಟ್ ಆಗಲೇ ಕೇಳಿಯಾಯಿತು.

ಮೊದಲು ಸುದ್ದಿ. ನಾನು ಪಾಸಾದೆ. ಕೆಲಸದ ಜಾಗದ ಅಂಗವೈಕಲ್ಯ ನಿರ್ವಹಣೆ ಅಂತ ಆ ಪರೀಕ್ಷೆಯ ಹೆಸರು, ಹೇಳಿ ಮುಗಿಸುವಷ್ಟರಲ್ಲಿ ಉಸಿರು ಕಟ್ಟುತ್ತದೆ. ಪೆಟ್ಟಾದವರನ್ನು, ಕಾಯಿಲೆ ಬಿದ್ದವರನ್ನು ಅವರ ಕೈಲಾಗುವ ಕೆಲಸಕ್ಕೆ ಮತ್ತೆ ಕರೆತರುವ ವಿದ್ಯೆ, ಅಷ್ಟೇ. ಈ ವಯಸ್ಸಿನಲ್ಲಿ ಪುಸ್ತಕ ಹಿಡಿದು ಕೂತದ್ದಕ್ಕೆ ನಮ್ಮ ಯಜಮಾನರು ನಕ್ಕಿದ್ದೇ ನಕ್ಕಿದ್ದು. ಈಗ ಮನೆಗೆ ಬಂದವರಿಗೆಲ್ಲ ಪ್ರಮಾಣಪತ್ರ ತೋರಿಸುವವರೂ ಅವರೇ.

ಪಾಠ ಹೇಳಿದ ಮೇಡಂ ಹಿಂದೆ ನರ್ಸ್ ಆಗಿದ್ದವರು, ಮಹಾ ಖಡಕ್ಕು. ನನ್ನ ಮೊದಲ ವರದಿಯನ್ನು ಮೇಜಿನ ಮೇಲೆ ಎಸೆದೇಬಿಟ್ಟರು.

"ಇವರ ಕೈಲಿ ಏನಾಗಲ್ಲ ಅಂತ ಪುಟಗಟ್ಟಲೆ ಬರ್ದಿದೀಯ. ಏನಾಗತ್ತೆ ಅಂತ ಅವರನ್ನ ಒಂದು ಮಾತು ಕೇಳಿದ್ಯಾ?"

ನನ್ನ ಮುಖ ಇಷ್ಟಾಯಿತು. ಅವತ್ತು ಊಟ ಸೇರಲಿಲ್ಲ.

ಕೊನೆಯ ಪರೀಕ್ಷೆಗೆ ನಮ್ಮ ರಟ್ಟಿನ ಪೆಟ್ಟಿಗೆ ಕಾರ್ಖಾನೆಯದೇ ಒಂದು ಕೆಲಸವನ್ನು ಪರೀಕ್ಷಿಸಿ ನೋಡಬೇಕಿತ್ತು. ನಾನು ತಪಾಸಣೆಯ ಮೇಜನ್ನು ಆರಿಸಿಕೊಂಡೆ. ಬಲಗೈಯನ್ನು ದುಪಟ್ಟಾದಿಂದ ಸೊಂಟಕ್ಕೆ ಕಟ್ಟಿಕೊಂಡು, ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಎಡಗೈಯಲ್ಲೇ ಪೆಟ್ಟಿಗೆ ತಿರುಗಿಸಿ ಅಂಟು, ಮಡಿಕೆ, ಅಚ್ಚು ನೋಡಿದೆ. ಯಾರು ಮೇಡಂ ನಿಮ್ಮನ್ನ ಅರೆಸ್ಟ್ ಮಾಡಿದ್ದು ಎಂದು ಮೇಸ್ತ್ರಿ ಕಿಚಾಯಿಸಿದರು. ಮೊದಲ ಒಂದು ಗಂಟೆ ಪೆಟ್ಟಿಗೆಗಳೆಲ್ಲ ನೆಲದ ಪಾಲು. ಮೇಜನ್ನು ಅರ್ಧ ಗೇಣು ತಗ್ಗಿಸಿ, ಜಾರದಂತೆ ಅಂಚಿಗೊಂದು ಮರದ ಪಟ್ಟಿ ಹೊಡೆಸಿದ ಮೇಲೆ ಕೆಲಸ ಸರಾಗವಾಯಿತು.

ಅಣ್ಣ, ಆ ಮೇಜಿನಲ್ಲಿ ಕೂರುತ್ತಿದ್ದವರು ಈ ವಾರ ನಿವೃತ್ತರಾಗುತ್ತಾರೆ. ಆ ಜಾಗಕ್ಕೆ ನೀನು ಬರಬೇಕು. ಮ್ಯಾನೇಜರ್ ಒಪ್ಪಿದ್ದಾರೆ. ಸೋಮವಾರ ಒಂಬತ್ತಕ್ಕೆ ಮೇಸ್ತ್ರಿ ನಿನಗಾಗಿ ಕಾಯುತ್ತಾರೆ. ಇಲ್ಲಿಯ ಕತ್ತರಿಸುವ ಯಂತ್ರಕ್ಕೆ ಬಲಗೈ ಬೆರಳುಗಳನ್ನು ಕೊಟ್ಟು ನೀನು ನಾಲ್ಕು ವರ್ಷ ಮನೆಯಲ್ಲಿ ಕೂತೆ. ಕಂಪನಿಗೇ ಬೇಡವಾದ ಮೇಲೆ ನಾನೇಕೆ ಹೋಗಿ ಹಲ್ಲು ಗಿಂಜಲಿ ಎನ್ನುತ್ತೀಯ, ಗೊತ್ತು. ಯಾರು ಬಂದರೂ ನೀನು ಬಲಗೈಯನ್ನು ಟವೆಲಿನ ಕೆಳಗೆ ಇಟ್ಟುಕೊಳ್ಳುತ್ತೀಯ ಎಂದು ಅತ್ತಿಗೆ ಹೇಳಿಕೊಂಡು ಅತ್ತರು.

ಅತ್ತಿಗೆಗೆ ನಮಸ್ಕಾರ ತಿಳಿಸು. ಪುಟ್ಟಿ ನೂರು ಕಾಲ ಚೆನ್ನಾಗಿರಲಿ, ಗಣಿತದಲ್ಲಿ ಮಾತ್ರ ಅತ್ತೆಯನ್ನು ಹೋಲದಿರಲಿ.

ನಿನ್ನ
ತಂಗಿ

ಇನ್ನೊಂದು ಮಾತು. ಮರೆತದ್ದಲ್ಲ, ಇಷ್ಟು ಹೊತ್ತು ಬರೆಯಲು ಹೆದರಿದ್ದು. ಕಂಪನಿ ನಿನ್ನನ್ನು ಬೇಡವೆನ್ನಲಿಲ್ಲ. ಡಾಕ್ಟರು ಆಫೀಸಿಗೆ ಕಳಿಸಿದ ಪತ್ರದಲ್ಲಿ ಎರಡು ಹಾಳೆಗಳಿದ್ದವು. ಹಳೆಯ ಕೆಲಸ ಆಗದು ಎಂದು ಮೊದಲನೆಯದರಲ್ಲಿತ್ತು. ಆರು ವಾರದ ಮೇಲೆ ಕೂತು ಮಾಡುವ ಕೆಲಸ ಕೊಡಬಹುದು ಎಂದು ಎರಡನೆಯದರಲ್ಲಿತ್ತು. ಆಫೀಸಿನ ಟಪಾಲು ತೆಗೆಯುವವಳು ನಾನೇ ಆದ್ದರಿಂದ ಆ ಪತ್ರ ನನ್ನ ಕೈಗೇ ಬಂತು. ಆಸ್ಪತ್ರೆಯಲ್ಲಿ ನಿನ್ನ ಕೈಗೆ ಬ್ಯಾಂಡೇಜ್ ಬದಲಿಸುವುದನ್ನು ಕಣ್ಣಾರೆ ನೋಡಿ ಬಂದಿದ್ದೆ. ನಿನ್ನನ್ನು ಮತ್ತೆ ಆ ಯಂತ್ರಗಳ ನಡುವೆ ಬಿಡಲು ಧೈರ್ಯ ಸಾಲಲಿಲ್ಲ. ಮೊದಲ ಹಾಳೆಯನ್ನಷ್ಟೇ ಮ್ಯಾನೇಜರ್ ಕೋಣೆಗೆ ಕಳಿಸಿದೆ, ಎರಡನೆಯದನ್ನು ಬಚ್ಚಿಟ್ಟೆ. ಅದು ಈ ಲಕೋಟೆಯಲ್ಲಿದೆ. ನಿನ್ನೆ ಮ್ಯಾನೇಜರಿಗೂ ಹೇಳಿದೆ. "ಅವನ ಜಾಗ ಅವನಿಗೇ, ನಿನ್ನ ಕೆಲಸ ಏನಾಗುತ್ತದೋ ನೋಡೋಣ" ಎಂದು ನನಗೆ ಹೇಳಿದರು. ಸೋಮವಾರ ನನ್ನ ಮುಖ ನೋಡದೆ ಹೋದರೂ ಸರಿ ಅಣ್ಣ, ಒಳಗೆ ಹೋಗು.