ತಳದಲ್ಲಿ ನಿಂತವಳು

೮ ಜುಲೈ, ಸೋಮವಾರ. ವಾಡಿ

ಸಭಿಕ ಮಹಾಶಯರೇ, ಮಾತೆಯರೇ, ಫ್ಯಾನಿನ ಕೆಳಗೆ ಮೊದಲೇ ಜಾಗ ಹಿಡಿದ ಮಹನೀಯರೇ! ನಿಮ್ಮ ಮುಂದೆ ನಿಂತ ಈ ಸುರೇಶಕುಮಾರ ಮಾಸ್ತರ ನಾಳೆಯಿಂದ ತನ್ನ ಶಾಲೆಯ ಮಕ್ಕಳ ನೆಮ್ಮದಿ ಅಳೆಯಲಿದ್ದಾನೆ. ತೂಕಕ್ಕೆ ಯಂತ್ರವಿದೆ, ಎತ್ತರಕ್ಕೆ ಟೇಪು. ನೆಮ್ಮದಿಗೆ ಏಣಿ. ವರಾಂಡದ ಫರಸಿ ಕಲ್ಲಿನ ನೆಲದ ಮೇಲೆ ಸೀಮೆಸುಣ್ಣದಿಂದ ಹತ್ತು ಮೆಟ್ಟಿಲು ಬರೆಯಬೇಕು; ತಳದ್ದು ತೀರ ಕೆಟ್ಟ ಬದುಕು, ಹತ್ತನೆಯದು ಅತಿ ಒಳ್ಳೆಯದು. ‘ನಿನ್ನ ಬದುಕು ಎಲ್ಲಿದೆಯೋ ಅಲ್ಲಿ ನಿಲ್ಲು’ ಅನ್ನಬೇಕು. ಟ್ರೇನಿಂಗ್‌ನಲ್ಲಿ ಹೇಳಿದ್ದು ಇಷ್ಟೇ. ಚಹಾ ಚೆನ್ನಾಗಿತ್ತು.

‘ಹತ್ತಿದರೆ ಹತ್ತು, ಹತ್ತದಿದ್ದರೆ ಕುತ್ತು’ — ನಾನೇ ಕಟ್ಟಿದ ಪ್ರಾಸ, ಪ್ರಾರ್ಥನೆಯ ಹೊತ್ತಿಗೆ ಎಲ್ಲರೆದುರು ಓದಿದೆ. ಹೆಡ್‌ಮಾಸ್ತರ ವಿಠೋಬಾ ನಕ್ಕರು. ಏಳನೇ ತರಗತಿಯ ಸಾಲಿನಲ್ಲಿ ನನ್ನ ಮಗಳು ಭಾಗ್ಯ. ನಗಲಿಲ್ಲ.

೯ ಜುಲೈ

ಏಳನೇ ತರಗತಿ. ಅರ್ಧಕ್ಕರ್ಧ ಮಕ್ಕಳು ಮೊದಲ ಮೆಟ್ಟಿಲಿಗೇ ನುಗ್ಗಿದರು! ಎಲ್ಲ ರಾವೂರ ಕಡೆಯವರು, ಕಲ್ಲುಗಣಿಯ ಮನೆಗಳವರು. ನಗುತ್ತ, ಒಬ್ಬರ ಕಾಲು ಒಬ್ಬರು ತುಳಿಯುತ್ತ.

“ಯಾಕವಾ ಮಹೆಕ್, ಅಷ್ಟ್ಯಾಕ ಕೆಳಗ?”

“ಸರ್, ಮ್ಯಾಲಿಂದು ಬರೇ ಕಚ್ಚಾ ಕಲ್ಲರಿ. ಛಲೋ ಫರಸಿ ತಳದಾಗೇ ಸಿಗ್ತಾದ. ನಮ್ಮ ಅಬ್ಬಾಗ ಕೇಳ್ರಿ ಬೇಕಾದ್ರ.”

ನಕ್ಕು ನಕ್ಕು ಸಾಕಾಯಿತು. ಗಣಿಯಲ್ಲಿ ಮೇಲಿನ ಪದರ ಕಿತ್ತೆಸೆಯುತ್ತಾರೆ. ಬೆಲೆ ಬಾಳುವುದು ಆಳದಲ್ಲಿ. ಏಣಿ ಬರೆಸಿದವರು ಗಣಿ ಕಂಡವರಲ್ಲ.

ಭಾಗ್ಯಳೂ ತಳದಲ್ಲೇ ಇದ್ದಳು. ಅವರ ಜೊತೆಯಲ್ಲಲ್ಲ — ಅಂಚಿಗೆ, ಒಬ್ಬಳೇ. ನಮ್ಮ ಮನೆಯಲ್ಲಿ ಗಣಿಗೆ ಇಳಿದವರು ಯಾರೂ ಇಲ್ಲ... ಅವರನ್ನು ನೋಡಿ ನಿಂತಿರಬೇಕು. ಹೌದು.

೧೩ ಜುಲೈ, ಶನಿವಾರ

ಇಷ್ಟು ದಿನ ಬರೆಯಲಿಲ್ಲ. ಮನೆಯಲ್ಲಿ ಅವಳನ್ನು ಕೇಳಲೂ ಇಲ್ಲ. ಇಂದು ಮತ್ತೆ ಏಣಿ. “ಇದು ಗಣಿ ಅಲ್ಲ. ಮ್ಯಾಲ ಹ್ವಾದಷ್ಟು ಛಲೋ” ಎಂದೆ. ಇನ್ನೊಮ್ಮೆ ಹೇಳಿದೆ, ಭಾಗ್ಯಳನ್ನೇ ನೋಡುತ್ತ.

ಮಹೆಕ್ ಒಂದೇ ಜಿಗಿತಕ್ಕೆ ಒಂಬತ್ತು.

“ಹತ್ತು ಯಾಕ ಬ್ಯಾಡ?”

“ಅದು ಈದ್ ಹಬ್ಬಕ್ಕ ಇರ್ಲಿ ಬಿಡ್ರಿ ಸರ್.”

ಹೋ ಎಂದು ಎಲ್ಲರೂ ಮೇಲೋಡಿದರು. ತಳ ಖಾಲಿ. ಭಾಗ್ಯ ಕದಲಲಿಲ್ಲ.

“ತಿಳೀತೇನವಾ?”

“ತಿಳದದರಿ ಸರ್.”

ಅದೇ ದಿನ, ಸಂಜೆ

ಅವಳವ್ವ ಹಿಟ್ಟಿನ ಗಿರಣಿಗೆ ಹೋಗಿದ್ದಳು. ಧೈರ್ಯ ಮಾಡಿದೆ.

“ಶಾಲ್ಯಾಗ ಯಾರರ ಏನರ ಅಂದ್ರೇನು?”

“ಯಾರೂ ಏನೂ ಅನ್ನಂಗಿಲ್ಲ. ನನ್ನ ಸಂಗಟ ಮಾತೇ ಆಡಂಗಿಲ್ಲ. ಹತ್ರ ಹ್ವಾದ್ರ ‘ಸರ್ ಮಗಳು ಬಂದ್ಳು, ಸುಮ್ಮಕಿರ್ರಿ’ ಅಂತಾರ.”

“ಮದಲೇ ಯಾಕ ಹೇಳಲಿಲ್ಲ?”

“ಹೇಳಿದ್ರ ಪ್ರಾಸ ಹಚ್ಚತಿ. ಮಂದಿ ಮುಂದ ಓದ್ತಿ.”

ಆಗಲೂ ನಾಲಿಗೆ ತುದಿಗೆ ಒಂದು ಪ್ರಾಸ ಬಂದೇ ಬಿಟ್ಟಿತ್ತು. ನುಂಗಿದೆ.

ಸಭಿಕರೇ... ಎಲ್ಲಿಯ ಸಭಿಕರು. ಇಲ್ಲಿ ಯಾರೂ ಇಲ್ಲ. ನನಗೆ ಹೆದರಿಕೆಯಾಗಿದೆ. ನನ್ನ ಮಗಳು ಚೆನ್ನಾಗಿಲ್ಲ. ಅದನ್ನು ನನಗೊಬ್ಬನಿಗೆ ಮಾತ್ರ ಅವಳು ತಾನಾಗಿ ಹೇಳಲಾರಳು. ಈಗ ಹೋಗಿ ಪಕ್ಕದಲ್ಲಿ ಕುಳಿತರೆ ಎದ್ದು ಹೋದಾಳೇ, ಇಲ್ಲ... ಬರೆದದ್ದು ಸಾಕು, ಹೋಗಿ ಕೂರುತ್ತೇನೆ.